ಕಾನೂನಿನ ಕೈ ಎಲ್ಲಿಯವರೆಗೆ?

೨೦೨೫ನೆಯ ಇಸವಿಯ ಫೆಬ್ರವರಿ ೫ರಂದು ಅಮೆರಿಕದ ಸೇನಾ ವಿಮಾನವೊಂದು ನಮ್ಮ ಅಮೃತಸರದಲ್ಲಿ ಬಂದಿಳಿದ ವಾರ್ತೆಯನ್ನು ನೀವು ಕೇಳಿರಬಹುದು. ಅದರಲ್ಲಿ ೧೦೪ ಮಂದಿ ಭಾರತೀಯರಿದ್ದರು. ಅವರು ಅನುಮತಿಯಿಲ್ಲದೆ ತನ್ನ ನೆಲದಲ್ಲಿದ್ದವರೆಂದು ಅಮೆರಿಕ ಸರ್ಕಾರ ಹಿಂದಕ್ಕೆ ಕಳುಹಿಸಿತ್ತು. ದಾರಿಯಲ್ಲಿ ಅವರ ಕೈಗೆ ಬೇಡಿ ತೊಡಿಸಿದ್ದ ಸಂಗತಿ ನಮ್ಮಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. ಅಕ್ರಮವಾಗಿ ಪರದೇಶದಲ್ಲಿರುವ ತನ್ನ ಪ್ರಜೆಗಳನ್ನು ಹಿಂದಕ್ಕೆ ಪಡೆಯುವುದು ಪ್ರತಿಯೊಂದು ದೇಶದ ಹೊಣೆ, ಆದರೆ ಅವರನ್ನು ಕೆಟ್ಟದಾಗಿ ನಡೆಸಿಕೊಳ್ಳಬಾರದು ಎಂಬ ಅರ್ಥದ ಹೇಳಿಕೆಯನ್ನು ವಿದೇಶಾಂಗ ಮಂತ್ರಿಗಳು ಮರುದಿನ ರಾಜ್ಯಸಭೆಯಲ್ಲಿ ಕೊಟ್ಟರು.

ಆ ಒಂದು ಹೇಳಿಕೆಯಲ್ಲಿ ಎರಡು ಮಾತುಗಳಿವೆ. ಒಂದು ಕಾನೂನಿನದು, ಇನ್ನೊಂದು ನೀತಿಯದು. ಈ ಎರಡನ್ನೂ ಹೊಂದಿಸುವುದು ಹೇಗೆಂದು ಅಮೆರಿಕದ ಜನ ಹಲವು ದಶಕಗಳಿಂದ ವಾದಿಸುತ್ತ ಬಂದಿದ್ದಾರೆ. ಆ ವಾದದ ಬೇರು ಎಲ್ಲಿದೆ ಎಂಬುದನ್ನು ಸ್ವಲ್ಪ ನೋಡೋಣ.

ಇದು ಕಾನೂನು ಬೇಕೆನ್ನುವವರಿಗೂ ದಯೆ ಬೇಕೆನ್ನುವವರಿಗೂ ನಡೆದಿರುವ ಜಗಳ ಎಂದು ಹೇಳಿಬಿಡುವುದು ಸುಲಭ. ಆದರೆ ವಿಷಯ ಅಷ್ಟು ಸರಳವಲ್ಲ. ಟಿಕೀಟಿಲ್ಲದೆ ರೈಲು ಹತ್ತಿದವನೊಬ್ಬನನ್ನು ನೆನೆದುಕೊಳ್ಳಿ. ಅವನು ಮಾಡಿದ್ದು ತಪ್ಪು. ಟಿಕೀಟು ಪರೀಕ್ಷಕರು ದಂಡ ಹಾಕಿದರೆ, ಮುಂದಿನ ನಿಲ್ದಾಣದಲ್ಲಿ ಇಳಿಸಿದರೆ, ಬೇಡವೆನ್ನುವವರು ವಿರಳ. ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಹಣ ತೆತ್ತವನಿಗೆ ಅವನ ಮೇಲೆ ಸಿಟ್ಟು ಬಂದರೆ ಅದೂ ನ್ಯಾಯವೇ. ಆದರೆ ಅವನ ಮಗುವಿಗೆ ಜ್ವರ ಬಂದಾಗ ನಿಲ್ದಾಣದ ವೈದ್ಯರು ಮೊದಲು ಟಿಕೀಟು ಕೇಳಬೇಕೆ? ಕೇಳದೆ ಮದ್ದು ಕೊಟ್ಟವರು ಅಪರಾಧಿಗಳೆ? ತಪ್ಪನ್ನು ತಿದ್ದುವ ಕೆಲಸ ಯಾರ ಕೈಯದು, ಆ ಕೈ ಎಲ್ಲಿಯವರೆಗೆ ಚಾಚಬೇಕು ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ.

ಮೊದಲು ತಪ್ಪಿನ ಸ್ವರೂಪವನ್ನು ತಿಳಿಯಬೇಕು. ಅಮೆರಿಕದಲ್ಲಿ ಹೀಗಿರುವವರು ಒಂದು ಕೋಟಿಗೂ ಹೆಚ್ಚೆಂದು ಅಂದಾಜು. ಇವರೆಲ್ಲ ಗಡಿ ನುಸುಳಿದವರಲ್ಲ. ಸರಿಯಾದ ವೀಸಾ ಪಡೆದು ಹೋಗಿ, ಅವಧಿ ಮುಗಿದರೂ ಉಳಿದುಕೊಂಡವರೂ ಅನೇಕರಿದ್ದಾರೆ. ಗಡಿ ನುಸುಳುವುದು ಅಲ್ಲಿ ಅಪರಾಧ. ಮೊದಲನೆಯ ಬಾರಿಗೆ ಹೆಚ್ಚೆಂದರೆ ಆರು ತಿಂಗಳ ಸೆರೆವಾಸ. ಆದರೆ ಅನುಮತಿಯಿಲ್ಲದೆ ಉಳಿದಿರುವುದಷ್ಟೇ ಆದರೆ ಅದು ಕ್ರಿಮಿನಲ್ ಅಪರಾಧವಲ್ಲ, ಸಿವಿಲ್ ಸ್ವರೂಪದ ಉಲ್ಲಂಘನೆ. ಅದರ ಫಲ ಗಡೀಪಾರು. ಒಂದು ಪಕ್ಷದವರು ಇವರನ್ನು ಅಪರಾಧಿಗಳೆಂದು ಕರೆಯುವುದಕ್ಕೂ, ಇನ್ನೊಂದು ಪಕ್ಷದವರು ಆ ಮಾತಿಗೆ ಆಕ್ಷೇಪಿಸುವುದಕ್ಕೂ ಇದೇ ಕಾರಣ.

ತಪ್ಪಿನ ಗೆರೆಯೂ ಸದಾ ಒಂದೇ ಕಡೆ ಇರಲಿಲ್ಲ. ೧೯೪೨ರಿಂದ ೧೯೬೪ರವರೆಗೆ ಮೆಕ್ಸಿಕೋದ ಕೂಲಿಗಾರರನ್ನು ಹೊಲಗದ್ದೆಗಳ ಕೆಲಸಕ್ಕೆ ಅಮೆರಿಕ ಸರ್ಕಾರವೇ ಒಪ್ಪಂದದ ಮೇಲೆ ಕರೆಸಿಕೊಳ್ಳುತ್ತಿತ್ತು. ‘ಬ್ರಸೇರೋ’ ಎಂಬ ಹೆಸರಿನ ಆ ಯೋಜನೆಯಲ್ಲಿ ೪೫ ಲಕ್ಷಕ್ಕೂ ಹೆಚ್ಚು ಕರಾರುಗಳಾದವು. ಯೋಜನೆ ನಿಂತಿತು; ೧೯೬೫ರ ಕಾಯಿದೆಯಿಂದ ಅಮೆರಿಕಾ ಖಂಡಗಳ ದೇಶಗಳಿಂದ ಬರುವವರ ಸಂಖ್ಯೆಗೂ ಮೊದಲ ಬಾರಿಗೆ ಮಿತಿ ಬಿದ್ದಿತು. ಆದರೆ ಹೊಲ ನಿಲ್ಲಲಿಲ್ಲ, ಬೆಳೆ ನಿಲ್ಲಲಿಲ್ಲ, ಕೂಲಿಯ ಅಗತ್ಯವೂ ನಿಲ್ಲಲಿಲ್ಲ. ನಿನ್ನೆ ಕಾಗದ ಹಿಡಿದು ಬಂದ ಆಳು ಇಂದು ಕಾಗದವಿಲ್ಲದೆ ಅದೇ ಹೊಲಕ್ಕೆ ಬಂದ. ಅವನನ್ನು ಕೆಲಸಕ್ಕಿಟ್ಟುಕೊಂಡ ಧಣಿಗೆ ೧೯೮೬ರವರೆಗೆ ರಾಷ್ಟ್ರದ ಕಾನೂನಿನಲ್ಲಿ ಶಿಕ್ಷೆಯೇ ಇರಲಿಲ್ಲ. ದುಡಿದವನು ತಪ್ಪಿತಸ್ಥ, ದುಡಿಸಿಕೊಂಡವನು ನಿರ್ದೋಷಿ!

ಇದನ್ನು ಸರಿಪಡಿಸಲೆಂದು ೧೯೮೬ರಲ್ಲಿ ಅಧ್ಯಕ್ಷ ರೇಗನ್ ಅವರು ಒಂದು ಕಾಯಿದೆಗೆ ರುಜು ಹಾಕಿದರು. ಬಹುಕಾಲದಿಂದ ನೆಲಸಿದ್ದವರಿಗೆ ಕ್ಷಮೆ, ಮುಂದೆ ಕಾಗದವಿಲ್ಲದವರನ್ನು ತಿಳಿದೂ ತಿಳಿದೂ ಕೆಲಸಕ್ಕಿಟ್ಟುಕೊಳ್ಳುವ ಧಣಿಗಳಿಗೆ ದಂಡ. ಇದು ಅದರ ಒಡಂಬಡಿಕೆ. ಸುಮಾರು ೨೭ ಲಕ್ಷ ಮಂದಿಗೆ ಕ್ಷಮೆ ದೊರಕಿತು. ದಂಡದ ಭಾಗ ಮಾತ್ರ ಸೊರಗಿತು. ಕಾಗದ ನೋಡಲು ನಿಜದಂತೆ ಕಂಡರೆ ಸಾಕು, ಧಣಿ ಪಾರಾಗುತ್ತಿದ್ದ. ಕಳ್ಳ ಕಾಗದಗಳ ವ್ಯಾಪಾರ ಬೆಳೆಯಿತು. ಕಟ್ಟುನಿಟ್ಟಿನ ಪಕ್ಷದವರು ಇಂದಿಗೂ ಹೇಳುವುದು ಇದನ್ನೇ: “ಕ್ಷಮೆ ಕೊಟ್ಟದ್ದಾಯಿತು, ಕಾನೂನಿನ ಪಾಲನೆ ಎಲ್ಲಿ?” ಈ ದೂರಿನಲ್ಲಿ ಹುರುಳಿಲ್ಲವೆನ್ನಲಾಗದು.

ಇನ್ನು ಶಾಲೆಯ ಬಾಗಿಲಿಗೆ ಬರೋಣ. ೧೯೭೫ರಲ್ಲಿ ಟೆಕ್ಸಸ್ ಸಂಸ್ಥಾನವು, ಕಾನೂನುಬದ್ಧವಾಗಿ ಪ್ರವೇಶ ಪಡೆಯದ ಮಕ್ಕಳ ಶಿಕ್ಷಣಕ್ಕೆ ಸರ್ಕಾರದ ಹಣವಿಲ್ಲವೆಂದು ಶಾಸನ ಮಾಡಿತು. ಟೈಲರ್ ಎಂಬ ಪಟ್ಟಣದ ಶಾಲಾ ಮಂಡಲಿಯು ಅಂಥ ಪ್ರತಿ ಮಗುವಿಗೆ ವರ್ಷಕ್ಕೆ ೧,೦೦೦ ಡಾಲರು ಶುಲ್ಕ ವಿಧಿಸಿತು. ಕೂಲಿಯವರ ಮನೆಯಲ್ಲಿ ಅಷ್ಟು ಹಣವೆಲ್ಲಿಯದು? ನಾಲ್ಕು ಕುಟುಂಬದವರು ನ್ಯಾಯಾಲಯಕ್ಕೆ ಹೋದರು. ತಮ್ಮನ್ನೇ ಹಿಡಿದು ಗಡಿಯಾಚೆ ಕಳುಹಿಸಬಹುದೆಂಬ ಭಯವಿದ್ದರೂ ಹೋದರು. ಅವರ ಗುರುತು ಹೊರಬೀಳದಿರಲೆಂದು ನ್ಯಾಯಾಧೀಶರು ಬೆಳಗಿನ ೬ ಗಂಟೆಗೆ ವಿಚಾರಣೆ ಇಟ್ಟುಕೊಂಡರು.

೧೯೮೨ರ ಜೂನ್ ೧೫ರಂದು ಸರ್ವೋಚ್ಚ ನ್ಯಾಯಾಲಯವು ಐದು ಮತಗಳಿಗೆ ನಾಲ್ಕರಂತೆ ಮಕ್ಕಳ ಪರವಾಗಿ ತೀರ್ಪು ನೀಡಿತು. ತಂದೆತಾಯಿಗಳ ನಡತೆಯ ಹೊರೆಯನ್ನು ಮಕ್ಕಳ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ ಎಂಬುದು ನ್ಯಾಯಮೂರ್ತಿ ಬ್ರೆನನ್ ಅವರ ತೀರ್ಪಿನ ಸಾರ. ವಿರುದ್ಧವಾಗಿ ಬರೆದ ಮುಖ್ಯ ನ್ಯಾಯಮೂರ್ತಿ ಬರ್ಗರ್ ಅವರೂ ಮಕ್ಕಳಿಗೆ ವಿದ್ಯೆ ತಪ್ಪಿಸುವುದು ಅವಿವೇಕವೆಂದೇ ಒಪ್ಪಿದರು. ಆದರೆ ಆ ಅವಿವೇಕವನ್ನು ತಿದ್ದಬೇಕಾದದ್ದು ಜನರಿಂದ ಆರಿಸಿಬಂದ ಶಾಸನಸಭೆಯೇ ಹೊರತು ನ್ಯಾಯಾಲಯವಲ್ಲ ಎಂಬುದು ಅವರ ವಾದ. ಗಮನಿಸಿ, ಯಾವುದು ಒಳ್ಳೆಯದೆಂಬುದರಲ್ಲಿ ಅವರಿಬ್ಬರಿಗೂ ಭೇದವಿರಲಿಲ್ಲ. ಅದನ್ನು ಯಾರು ನಿರ್ಧರಿಸಬೇಕೆಂಬುದರಲ್ಲಿ ಭೇದವಿತ್ತು.

ಬೀದಿಯ ಪೋಲೀಸರ ಪ್ರಶ್ನೆ ಇನ್ನೂ ತೊಡಕಿನದು. ಲಾಸ್ ಏಂಜಲೀಸ್ ನಗರದ ಪೋಲೀಸ್ ಇಲಾಖೆ ೧೯೭೯ರಲ್ಲೇ, ಜನರ ವಲಸೆಯ ಸ್ಥಿತಿಯನ್ನು ಪತ್ತೆಹಚ್ಚುವುದಕ್ಕೆಂದೇ ಯಾರ ಮೇಲೂ ಕ್ರಮ ಕೈಗೊಳ್ಳಬಾರದೆಂದು ತನ್ನವರಿಗೆ ಆಜ್ಞೆ ಮಾಡಿತು. ಇದು ಬರಿಯ ದಯೆಯಲ್ಲ. ಮನೆಗೆ ಕನ್ನ ಬಿದ್ದವನು ಗಡೀಪಾರಿಗೆ ಹೆದರಿ ದೂರು ಕೊಡದಿದ್ದರೆ, ಕೊಲೆ ಕಂಡವನು ಸಾಕ್ಷಿ ಹೇಳದಿದ್ದರೆ, ಕಳ್ಳರಿಗೂ ಕೊಲೆಗಾರರಿಗೂ ಹಬ್ಬ ಎಂಬುದು ಪೋಲೀಸರ ಲೆಕ್ಕ. ಸಂಸ್ಥಾನಗಳ ಅಧಿಕಾರಿಗಳನ್ನು ತನ್ನ ಕಾನೂನಿನ ಜಾರಿಗೆ ದುಡಿಸಿಕೊಳ್ಳಲು ಕೇಂದ್ರ ಸರ್ಕಾರ ಬಲವಂತಮಾಡುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವೂ ೧೯೯೭ರಲ್ಲಿ, ಬಂದೂಕುಗಳ ಮಾರಾಟಕ್ಕೆ ಸಂಬಂಧಿಸಿದ ಬೇರೊಂದು ಮೊಕದ್ದಮೆಯಲ್ಲಿ, ಹೇಳಿದೆ.

ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ೨೦೧೫ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಕಡಲ ಕಟ್ಟೆಯ ಮೇಲೆ ತಂದೆಯೊಡನೆ ನಡೆಯುತ್ತಿದ್ದ ಯುವತಿಯೊಬ್ಬಳು ಗುಂಡು ತಗುಲಿ ಸತ್ತಳು. ಬಂದೂಕು ಹಿಡಿದಿದ್ದವನು ಐದು ಬಾರಿ ಗಡೀಪಾರಾದವನು. ಆತನನ್ನು ತಮ್ಮ ವಶಕ್ಕೆ ಪಡೆಯಬೇಕೆಂದು ಕೇಂದ್ರದ ಅಧಿಕಾರಿಗಳು ಕೇಳಿಕೊಂಡಿದ್ದರೂ ನಗರದ ಸೆರೆಮನೆ ಅವರಿಗೆ ತಿಳಿಸದೆ ಬಿಟ್ಟುಬಿಟ್ಟಿತ್ತು. ಗುಂಡು ಆಕಸ್ಮಿಕವಾಗಿ ಹಾರಿತೆಂಬುದು ಅವನ ಪರ ವಕೀಲರ ವಾದ. ೨೦೧೭ರಲ್ಲಿ ಜ್ಯೂರಿಗಳು ಕೊಲೆಯ ಆರೋಪದಿಂದ ಅವನನ್ನು ಬಿಡುಗಡೆ ಮಾಡಿದರು. ಆದರೂ ಒಂದು ದೂರವಾಣಿಯ ಕರೆ ಮಾಡಿದ್ದರೆ ಆ ಜೀವ ಉಳಿಯುತ್ತಿತ್ತಲ್ಲವೇ ಎಂದು ಕೇಳುವವರಿಗೆ ನಗರದವರು ಸಮಾಧಾನ ಹೇಳುವುದು ಸುಲಭವಲ್ಲ.

ಕಾನೂನನ್ನು ತಿಳಿದೇ ಮೀರಿದವರೂ ಇದ್ದಾರೆ. ಎಲ್ ಸಾಲ್ವಡಾರ್ ಮತ್ತು ಗ್ವಾಟೆಮಾಲಗಳಲ್ಲಿ ಕೊಲೆ ಹಿಂಸೆಗಳು ನಡೆಯುತ್ತಿದ್ದಾಗ, ಅಲ್ಲಿಂದ ಓಡಿಬಂದವರಿಗೆ ೧೯೮೨ರಿಂದ ಟೂಸಾನ್ ನಗರದ ಇಗರ್ಜಿಯೊಂದು ಬಹಿರಂಗವಾಗಿಯೇ ಆಶ್ರಯ ಕೊಟ್ಟಿತು. ಇತರ ಇಗರ್ಜಿಗಳೂ ಕೈಗೂಡಿಸಿದವು. ಸರ್ಕಾರ ಮೊಕದ್ದಮೆ ಹೂಡಿತು. ೧೯೮೬ರಲ್ಲಿ ಎಂಟು ಮಂದಿ ತಪ್ಪಿತಸ್ಥರೆಂದು ತೀರ್ಮಾನವಾಯಿತು, ಸೆರೆಮನೆಗೆ ಮಾತ್ರ ಕಳುಹಿಸಲಿಲ್ಲ. ಮುಂದೆ ೧೯೯೧ರಲ್ಲಿ, ಇಗರ್ಜಿಗಳು ಹೂಡಿದ ದಾವೆಯ ರಾಜಿಯಂತೆ, ಆ ಎರಡು ದೇಶದವರ ಅರ್ಜಿಗಳನ್ನು ಹೊಸದಾಗಿ ವಿಚಾರಿಸಲು ಸರ್ಕಾರ ಒಪ್ಪಿತು. ಮೀರಿದವರು ಅಡಗಿಕೊಳ್ಳಲಿಲ್ಲ, ನ್ಯಾಯಾಲಯದ ಕಟಕಟೆಗೆ ಬಂದು ನಿಂತರು ಎಂಬುದು ನೆನಪಿಡತಕ್ಕ ಮಾತು.

ಶಾಲೆ, ಆಸ್ಪತ್ರೆ, ಇಗರ್ಜಿಗಳಲ್ಲಿ ಸಾಮಾನ್ಯವಾಗಿ ದಸ್ತಗಿರಿ ಮಾಡಬಾರದೆಂಬ ನಿಯಮವೊಂದನ್ನು ೨೦೧೧ರಲ್ಲಿ ಮಾಡಿದ್ದರು. ೨೦೨೫ರ ಜನವರಿಯಲ್ಲಿ ಹೊಸ ಸರ್ಕಾರ ಆ ಬಗೆಯ ನಿರ್ಬಂಧವನ್ನು ತೆಗೆದುಹಾಕಿತು. ಕೈ ಎಲ್ಲಿಯವರೆಗೆ ಚಾಚಬೇಕೆಂಬ ಹಳೆಯ ಪ್ರಶ್ನೆಯೇ ಮತ್ತೆ ಎದ್ದಿತು.

ಇದು ದೂರದ ದೇಶದವರ ತಾಪತ್ರಯವೆಂದು ನಾವು ಸುಮ್ಮನಿರುವಂತಿಲ್ಲ. ಅಲ್ಲಿ ನೆಲಸಲು ಕೊಡುವ ಶಾಶ್ವತ ಪರವಾನಗಿಗಳ ಮುಖ್ಯ ವರ್ಗಗಳಲ್ಲಿ, ಯಾವುದೇ ಒಂದು ದೇಶದವರಿಗೆ ನೂರಕ್ಕೆ ಏಳಕ್ಕಿಂತ ಹೆಚ್ಚು ಸಲ್ಲದೆಂಬ ಮಿತಿಯುಂಟು. ಆದ್ದರಿಂದ ನಮ್ಮ ಕನ್ನಡನಾಡಿನ ಎಂಜಿನಿಯರರೂ ಸೇರಿದಂತೆ ಎಷ್ಟೋ ಭಾರತೀಯರು ವರ್ಷಗಟ್ಟಲೆ ಸಾಲಿನಲ್ಲಿ ನಿಂತಿದ್ದಾರೆ. ಇತ್ತ ಅಮೃತಸರದಲ್ಲಿ ಇಳಿದವರೂ ನಮ್ಮವರೇ. ಸಾಲು ಮುರಿದವರ ಮೇಲಿನ ಸಿಟ್ಟು, ಬೇಡಿ ತೊಟ್ಟವರ ಮೇಲಿನ ಮರುಕ, ಎರಡೂ ನಮ್ಮ ಮನೆಗಳಲ್ಲೇ ಇವೆ.

ಪಾಲಿಸದ ಕಾನೂನು ಸಾಲಿನಲ್ಲಿ ನಿಂತವನಿಗೆ ಮಾಡುವ ಮೋಸ. ಉಪಾಧ್ಯಾಯರನ್ನೂ ವೈದ್ಯರನ್ನೂ ಪೇದೆಗಳನ್ನಾಗಿ ಮಾಡುವ ಕಾನೂನು ಮಗುವನ್ನು ಶಾಲೆಯಿಂದಲೂ ರೋಗಿಯನ್ನು ಆಸ್ಪತ್ರೆಯಿಂದಲೂ ಓಡಿಸುತ್ತದೆ. ಮುಂದೆ ಇಂಥ ವಾರ್ತೆ ಕಿವಿಗೆ ಬಿದ್ದಾಗ, ಯಾರು ಕಾನೂನಿನ ಪಕ್ಷ, ಯಾರು ದಯೆಯ ಪಕ್ಷ ಎಂದು ಕೇಳುವುದಕ್ಕಿಂತ, ಕಾನೂನಿನ ಕೈ ಈಗ ಯಾವ ಬಾಗಿಲನ್ನು ತಟ್ಟುತ್ತಿದೆ, ಆ ಬಾಗಿಲ ಹಿಂದೆ ಯಾರಿದ್ದಾರೆ ಎಂದು ವಿಚಾರಿಸಿ ನೋಡಿ.