ಕೋವಿ ಬಂತು, ತೋಟಾ ಬರಲಿಲ್ಲ!
1963ರಲ್ಲಿ ಅಮೆರಿಕದ ಬ್ರೌನಿಂಗ್ ಕಂಪನಿ .22-250 ರೈಫಲ್ ಮಾರಾಟಕ್ಕಿಟ್ಟಿತು. ಅದಕ್ಕೆ ಹೊಂದುವ ತೋಟಾವನ್ನು ಮಾತ್ರ ಯಾವ ಕಾರ್ಖಾನೆಯೂ ತಯಾರಿಸುತ್ತಿರಲಿಲ್ಲ! ಕೊಂಡವರು ಕೈಯಾರೆ ತುಂಬಿಕೊಳ್ಳಬೇಕಿತ್ತು.

ಈ ತೋಟಾ 1930ರ ದಶಕದ ಹವ್ಯಾಸಿಗಳ ಸೃಷ್ಟಿ. .250 ಸ್ಯಾವೇಜ್ ತೋಟಾದ ಹಿತ್ತಾಳೆ ಚಿಪ್ಪಿನ ಕತ್ತು ಕಿರಿದಾಗಿಸಿ, ಸಣ್ಣ ಗುಂಡು ಕೂರಿಸಿದರು. ಹೊಲ, ಹುಲ್ಲುಗಾವಲಿನಲ್ಲಿ ಬಿಲ ತೋಡುವ ವುಡ್‌ಚಕ್, ಪ್ರೇರಿ ಡಾಗ್‌ಗಳು ದೂರದಿಂದ ಕಾಣುವುದೇ ಚೂರು. ಅಂಥ ಗುರಿಗೆ ವೇಗವೂ ಬೇಕು, ನಿಖರತೆಯೂ ಬೇಕು. ಕಾರ್ಖಾನೆಯ ತೋಟಾಗಳಲ್ಲಾದರೆ ಎಲ್ಲ ಕೋವಿಗೂ ಮದ್ದಿನದು ಒಂದೇ ಅಳತೆ. ಇವರೋ ತಮ್ಮ ಕೋವಿಗೆ ಒಗ್ಗುವಷ್ಟೇ ಮದ್ದು ತೂಗಿ ತುಂಬುತ್ತಿದ್ದರು. ಎಂಥ ತಾಳ್ಮೆ!

ಕೊನೆಗೆ 1965ರಲ್ಲಿ ರೆಮಿಂಗ್ಟನ್ ಕಂಪನಿ ಈ ತೋಟಾವನ್ನು ತಯಾರಿಸತೊಡಗಿತು. ಮೂರೂವರೆ ಗ್ರಾಂ ತೂಗುವ ಇದರ ಗುಂಡಿನ ವೇಗ ಸೆಕೆಂಡಿಗೆ 1,100 ಮೀಟರ್. ಅಂದರೆ ಶಬ್ದದ ವೇಗದ ಮೂರು ಪಟ್ಟಿಗೂ ಹೆಚ್ಚು.