ಮಾಸ್ತರರ ಜೊತೆ ಸುರಪುರ ಸುತ್ತಿದ ದಿನ

ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿ ಪಾಳಿ ಮಾಡುವ ಸೆಕ್ಯುರಿಟಿ ಅಣ್ಣ ಸುರಪುರದವರು. ಮೂರು ವರ್ಷದಿಂದ ದಿನಾ ನೋಡ್ತೀವಿ, ‘ಊಟ ಆಯ್ತಾ ಅಣ್ಣ?’ ಬಿಟ್ಟರೆ ಬೇರೆ ಮಾತಿಲ್ಲ. ಒಂದು ದಿನ ಕ್ಯಾಬ್ ತಡವಾಯಿತು. ಗೇಟಿನ ಹತ್ತಿರ ನಿಂತವಳು ಸುಮ್ಮನೆ ಕೇಳಿದೆ: ‘ನಿಮ್ಮೂರಲ್ಲಿ ನೋಡೋಕೆ ಏನಿದೆ ಅಣ್ಣ?’

‘ನೋಡ್ಲಿಕ್ಕ ಭಾಳ ಅದ ಅಕ್ಕಾರ. ಆದ್ರ ಒಬ್ಬರೇ ಹೋದ್ರ ಏನೂ ಕಾಣಂಗಿಲ್ಲ. ನಮ್ಮ ಮಾಸ್ತರಿಗೆ ಫೋನ್ ಹಚ್ಚಿ ಕೊಡ್ತೀನಿ ತಡೀರಿ.’

ಅಲ್ಲೇ ಫೋನ್ ಹಚ್ಚಿಯೂ ಬಿಟ್ಟರು. ಕಳೆದ ಡಿಸೆಂಬರಿನ ಒಂದು ಶನಿವಾರ ನಾನು ಸುರಪುರದ ಬಸ್ ನಿಲ್ದಾಣದಲ್ಲಿ ಇಳಿದದ್ದು ಹೀಗೆ.

ಹೊರಡುವ ಮುಂಚೆ ಫೋನಿನಲ್ಲಿ ಹುಡುಕಿದ್ದೆ. ಯಾದಗಿರಿ ಜಿಲ್ಲೆ ಅಂದರೆ ಬಿಸಿಲು, ಬರ, ಗುಳೆ ಅನ್ನುವ ಸುದ್ದಿಗಳೇ ಮೇಲೆ ಬಂದವು. ಕಲಬುರಗಿಯಿಂದ ಬೇರೆಯಾಗಿ ರಾಜ್ಯದ 30ನೇ ಜಿಲ್ಲೆಯಾದದ್ದು, ಯಾದಗಿರಿ, ಶಹಾಪುರ, ಸುರಪುರ ಇದರ ಹಳೆಯ ಮೂರು ತಾಲ್ಲೂಕುಗಳು ಎನ್ನುವುದೂ ಸಿಕ್ಕಿತು. ಊರೊಳಗೆ ಎಲ್ಲಿಂದ ನಡೆಯಲು ಶುರು ಮಾಡಬೇಕು, ಎಲ್ಲಿ ನಿಲ್ಲಬೇಕು ಅನ್ನುವುದು ಮಾತ್ರ ಎಲ್ಲೂ ಸಿಗಲಿಲ್ಲ.

ಮೊದಲು ಚಾ, ಆಮೇಲೆ ಇತಿಹಾಸ

ಮಾಸ್ತರರು ನಿವೃತ್ತ ಹೈಸ್ಕೂಲ್ ಶಿಕ್ಷಕರು. ತಲೆಗೆ ಬಿಳಿ ಟೋಪಿ, ಕೈಯಲ್ಲಿ ಛತ್ರಿ. ಜೊತೆಗೆ ಬಿಎ ಓದುತ್ತಿರುವ ಒಬ್ಬ ಹುಡುಗ, ನೀರಿನ ಬಾಟಲಿ ಹಿಡಿದುಕೊಂಡು. ‘ಬರ್ರಿ ಮೇಡಂ’ ಎಂದು ಶುರು ಮಾಡಿದವರು, ಮನೆಯಲ್ಲಿ ಸುಸಲಾ, ಮಿರ್ಚಿ, ಚಾ ಮುಗಿಯುವಷ್ಟರಲ್ಲಿ ‘ನೋಡು ತಂಗಿ’ಗೆ ಇಳಿದಿದ್ದರು. ಅವರ ಮನೆಯವರು ನನ್ನ ಬ್ಯಾಗ್ ಒಳಗಿಟ್ಟುಕೊಂಡು, ಮಧ್ಯಾಹ್ನ ರೊಟ್ಟಿಗೆ ಬರಬೇಕು ಅಂತ ಅಪ್ಪಣೆ ಮಾಡಿದರು.

‘ಎಷ್ಟು ಕೊಡಬೇಕು ಸರ್?’ ಅಂತ ಮೊದಲೇ ಕೇಳಿದೆ. ‘ಅದೆಲ್ಲಾ ಆಮ್ಯಾಲ’ ಅಂತ ಛತ್ರಿ ಎತ್ತಿಕೊಂಡರು. ಅವರ ಷರತ್ತು ಒಂದೇ: ‘ನಾ ಹೇಳಿದ ಕಡೆ ನಿಂದರಬೇಕು. ಫೋಟೋ ಆಮ್ಯಾಲ.’

ಮೊದಲು ನಿಲ್ಲಿಸಿದ ಜಾಗದಲ್ಲಿ ಏನೂ ಇರಲಿಲ್ಲ. ಅಂಗಡಿ ಸಾಲು, ತಳ್ಳುಗಾಡಿ, ಬೈಕು. ‘ಸುತ್ತ ತಿರುಗಿ ನೋಡು’ ಅಂದರು. ಆಗ ಕಂಡಿತು. ಯಾವ ಕಡೆ ತಿರುಗಿದರೂ ಬಂಡೆಗಲ್ಲಿನ ಗುಡ್ಡ, ನಡುವೆ ಬಟ್ಟಲಿನೊಳಗೆ ಇಟ್ಟ ಹಾಗೆ ಊರು.

‘ಈ ಊರು ಯಾಕ ಇಲ್ಲಿ ಅದ ಅಂತ ತಿಳಕೊಂಡ್ರ ಅರ್ಧ ಇತಿಹಾಸ ತಿಳದಂಗ.’

ಉತ್ತರ ಸುರಪುರದಲ್ಲಿಲ್ಲ, ಪಕ್ಕದ ವಾಗಿನಗೇರಾದಲ್ಲಿದೆ. ಇಲ್ಲಿಯ ಬೇಡ ನಾಯಕರ ಕೋಟೆ ಮೊದಲು ಇದ್ದದ್ದು ಅಲ್ಲಿ. 1705ರ ಫೆಬ್ರುವರಿಯಲ್ಲಿ ಔರಂಗಜೇಬ ಖುದ್ದಾಗಿ ಬಂದು ಅದಕ್ಕೆ ಮುತ್ತಿಗೆ ಹಾಕಿದ. ಆಗ ಅವನಿಗೆ 86 ವರ್ಷ. ಪಿಡ್ಡ ನಾಯಕ ಎರಡೂವರೆ ತಿಂಗಳು ಕಾಡಿದ, ಮರಾಠರು ನೆರವಿಗೆ ಬಂದರು. ಕೊನೆಗೆ ಏಪ್ರಿಲ್‌ನಲ್ಲಿ ನಾಯಕ ತನ್ನವರ ಜೊತೆ ರಾತ್ರೋರಾತ್ರಿ ಜಾರಿಕೊಂಡ. ಮೊಗಲರ ಕೈಗೆ ಸಿಕ್ಕಿದ್ದು ಬೆಂಕಿ ಬಿದ್ದ ಖಾಲಿ ಕೋಟೆ. ಬಾದಶಹ ಹತ್ತಿರದ ದೇವಾಪುರದಲ್ಲಿ ಬೀಡುಬಿಟ್ಟಾಗ ಕಾಯಿಲೆ ಬಿದ್ದ. ಅವನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದು. ಎರಡು ವರ್ಷದಲ್ಲಿ, 1707ರಲ್ಲಿ ಅಹ್ಮದ್‌ನಗರದ ಬಳಿ ತೀರಿಕೊಂಡ.

‘ಕೋಟಿ ಹೋತು, ನಾಯಕ ಉಳದ. ಗುಡ್ಡದ ನಡುವಿನ ಈ ಜಾಗ ರಾಜಧಾನಿ ಆತು,’ ಅಂತ ಮಾಸ್ತರರು ಛತ್ರಿಯಿಂದ ಒಂದೊಂದೇ ಗುಡ್ಡ ತೋರಿಸಿದರು. ಅಲ್ಲಿಯವರೆಗೆ ನನಗೆ ಅವು ಬರೀ ಹಿನ್ನೆಲೆಯಾಗಿದ್ದವು. ಈಗ ಗೋಡೆಗಳಾಗಿ ಕಂಡವು.

ಕಂಬ ಏರುವ ಹುಡುಗರು

ಗಲ್ಲಿಗಳನ್ನು ಹಾದು ವೇಣುಗೋಪಾಲಸ್ವಾಮಿ ಗುಡಿಗೆ ಬಂದೆವು. ನಾಯಕ ಅರಸರು ಕಟ್ಟಿಸಿದ ಗುಡಿ ಇದು. ಬೆಳಗಿನ ಆ ಹೊತ್ತಿನಲ್ಲಿ ಮೂರೇ ಜನ ಇದ್ದರು. ‘ಈಗ ನೋಡಿದ್ರ ಇಷ್ಟೇ. ಕೃಷ್ಣಾಷ್ಟಮಿ ಹೊತ್ತಿಗೆ ಬಾ’ ಅಂದರು.

ಆ ಜಾತ್ರೆಗೆ ಇಲ್ಲಿ ಹಾಲೋಕುಳಿ ಅನ್ನುತ್ತಾರೆ. ಎತ್ತರದ ಕಂಬಗಳನ್ನು ನಿಲ್ಲಿಸಿ, ಜಾರುವಂತೆ ಮಾಡಿ, ಏರುವವರ ಮೇಲೆ ನೀರು ಎರಚುತ್ತಾರೆ. ಯುವಕರು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ತುದಿ ಮುಟ್ಟಬೇಕು. ನಮ್ಮ ಬಿಎ ಹುಡುಗ ಮೊದಲ ಸಲ ಬಾಯಿಬಿಟ್ಟ: ‘ಹ್ವಾದ ವರ್ಷ ನಾನೂ ಏರಿದ್ದೆ ಮೇಡಂ. ಅರ್ಧಕ್ಕ ಬಿದ್ದೆ.’ ಬಿದ್ದದ್ದು ಎಲ್ಲಿ, ಯಾರ ಮೇಲೆ, ಕೆಳಗೆ ಅಜ್ಜಿ ಏನೇನು ಬೈದಳು, ಎಲ್ಲಾ ಹೇಳಿದ. ಮಾಸ್ತರರು ಸುಮ್ಮನೆ ನಿಂತು ಅವನಿಗೆ ಹೇಳಲು ಬಿಟ್ಟರು. ಯಾಕೆಂದು ಸಂಜೆ ಗೊತ್ತಾಯಿತು.

ಅರಮನೆಯ ಕಡೆ ನಡೆಯುತ್ತಾ ಸುರಪುರದ ಚಿತ್ರಕಲೆಯ ಮಾತು ಬಂತು. ಮೈಸೂರು, ತಂಜಾವೂರು ಶೈಲಿ ನಮಗೆಲ್ಲ ಗೊತ್ತು. ನಾಯಕರ ಆಶ್ರಯದಲ್ಲಿ ಇಲ್ಲಿಯೂ ಒಂದು ಶೈಲಿ ಬೆಳೆದಿತ್ತು. ದೇವ ದೇವತೆಯರು, ದರ್ಬಾರು, ಅದರ ಮೇಲೆ ಚಿನ್ನದ ರೇಕಿನ ಕೆಲಸ. ಆ ಕುಂಚ ಹಿಡಿದವರಲ್ಲಿ ಗರುಡಾದ್ರಿ ಮನೆತನದ ಹೆಸರು ದೊಡ್ಡದು. ‘ಸುರಪುರ ಶೈಲಿ’ ಎಂಬ ಎರಡು ಪದ ಬೆಂಗಳೂರಿನಲ್ಲಿ ಬೆಳೆದ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

ಒಂದೇ ಸಾವು, ಎರಡು ಕಥೆ

ಬಿಸಿಲು ಏರುವ ಮುಂಚೆ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಕಡೆ ಹತ್ತಿದೆವು. ಫಿಲಿಪ್ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ. ನಿಜಾಮನ ಸೈನ್ಯದ ಅಧಿಕಾರಿ, ಠಕ್ಕರ ಬಗ್ಗೆ 1839ರಲ್ಲಿ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರಾದವನು. 1840ರ ದಶಕದ ಆರಂಭದಲ್ಲಿ ಸುರಪುರದ ಆಡಳಿತ ನೋಡಿಕೊಳ್ಳಲು ಬಂದ. ಪಟ್ಟಕ್ಕೆ ಬರಬೇಕಿದ್ದ ವೆಂಕಟಪ್ಪ ನಾಯಕ ಆಗ ಚಿಕ್ಕ ಹುಡುಗ, ತಾಯಿ ರಾಣಿ ಈಶ್ವರಮ್ಮ. ಹುಡುಗ ಟೇಲರ್‌ನನ್ನು ‘ಅಪ್ಪಾ’ ಅಂತಲೇ ಕರೆಯುತ್ತಿದ್ದ. ಅವನು ದೊಡ್ಡವನಾಗಿ 1853ರಲ್ಲಿ ಅಧಿಕಾರ ವಹಿಸಿಕೊಂಡಾಗ ಟೇಲರ್ ಇಲ್ಲಿಂದ ಹೊರಟ.

ಐದು ವರ್ಷಕ್ಕೆ ಎಲ್ಲ ತಲೆಕೆಳಗಾಯಿತು. ಉತ್ತರದ ದಂಗೆಯ ಕಾವು ಇಲ್ಲಿಗೂ ಬಂತು. 1858ರ ಫೆಬ್ರುವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ನಿಂತಿತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೆಚ್ಚಿನ ಸೈನ್ಯ ಬರುತ್ತಿದ್ದಂತೆ ವೆಂಕಟಪ್ಪ ನಾಯಕ ಹೈದರಾಬಾದಿಗೆ ಹೋದ, ಅಲ್ಲಿ ಸೆರೆಸಿಕ್ಕ. ಮೊದಲು ಮರಣದಂಡನೆ, ಆಮೇಲೆ ಗಡೀಪಾರು, ಕೊನೆಗೆ ಅದೂ ಇಳಿದು ಮದರಾಸಿನ ಹತ್ತಿರದ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಎಂದಾಯಿತು. ಅಲ್ಲಿಗೆ ಕರೆದೊಯ್ಯುವಾಗ ದಾರಿಯಲ್ಲೇ ಗುಂಡಿಗೆ ಸತ್ತ.

ಇಲ್ಲಿ ಮಾಸ್ತರರು ನಿಂತರು.

‘ಇನ್ನ ಮ್ಯಾಲ ಎರಡು ಕಥಿ ಅವ ತಂಗಿ. ಎರಡೂ ಹೇಳ್ತೀನಿ.’

ಒಂದು, ಬರೆದಿಟ್ಟದ್ದು. ಟೇಲರ್‌ನ ಆತ್ಮಕಥೆ 1877ರಲ್ಲಿ, ಅವನು ಸತ್ತ ಮರುವರ್ಷ, ಪ್ರಕಟವಾಯಿತು. ಅದರ ಪ್ರಕಾರ ರಾಜ ಮೊದಲ ಬೀಡಿನಲ್ಲೇ, ಜೊತೆಗಿದ್ದ ಅಧಿಕಾರಿಯ ರಿವಾಲ್ವರಿನಿಂದ ತಾನೇ ಗುಂಡು ಹಾರಿಸಿಕೊಂಡ. 24ನೇ ವಯಸ್ಸಿನಲ್ಲಿ ಕಂಟಕ ಎಂದು ಅವನ ಜಾತಕದಲ್ಲಿ ಇತ್ತು, ಹಾಗೇ ಆಯಿತು ಎಂದೂ ಟೇಲರ್ ಬರೆಯುತ್ತಾನೆ.

ಇನ್ನೊಂದು, ಊರಿನ ಬಾಯಲ್ಲಿರುವುದು. ‘ಶಿಕ್ಷಾ ಕಡಿಮಿ ಆತಂತ ಗೊತ್ತಾದ ಮ್ಯಾಲ ಯಾರರ ಗುಂಡು ಹೊಡಕೋತಾರೇನು? ಕಾವಲಿದ್ದ ಕೈದಿ ಕೈಗೆ ರಿವಾಲ್ವರ್ ಹ್ಯಾಂಗ ಬಂತು? ಬ್ರಿಟಿಷರೇ ಕೊಂದ್ರು ಅಂತಾರ ನಮ್ಮ ಮಂದಿ.’

‘ನೀವು ಯಾವುದು ನಂಬ್ತೀರಿ ಸರ್?’

ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಮೂವತ್ತು ವರ್ಷ ಸಾಲ್ಯಾಗ ಪಾಠ ಮಾಡೀನಿ. ಒಂದನೇದು ಪುಸ್ತಕದಾಗ ಅದ, ಬರದಾವ ರಾಜನ್ನ ಮಗನಂಗ ನೋಡಿದಾವ, ಆದ್ರ ಆ ಸರ್ಕಾರದ ಮನುಷ್ಯಾನೂ ಹೌದು. ಎರಡನೇದಕ್ಕ ಕಾಗದ ಇಲ್ಲ, ಆದ್ರ ಪ್ರಶ್ನಿ ಖರೇ ಅದಾವ. ನಾ ಹುಡುಗರಿಗೆ ಎರಡೂ ಹೇಳ್ತಿದ್ದೆ. ಯಾವುದು ಎಲ್ಲಿಂದ ಬಂತು ಅಂತ ಹೇಳೋದಷ್ಟೇ ನನ್ನ ಕೆಲಸ.’

ನಾನು ಎಷ್ಟೋ ಊರುಗಳಲ್ಲಿ ಗೈಡ್‌ಗಳ ಹಿಂದೆ ತಿರುಗಿದ್ದೇನೆ. ಎಷ್ಟೋ ಕಡೆ ಇಯರ್‌ಫೋನ್ ಹಾಕಿಕೊಂಡು ಆಡಿಯೋ ಗೈಡ್ ಕೇಳಿದ್ದೇನೆ. ಇದು ಬರೆದದ್ದು, ಇದು ಜನ ಹೇಳುವುದು ಎಂದು ಗೆರೆ ಎಳೆದು ತೋರಿಸಿದ ಗೈಡ್ ಇವರೊಬ್ಬರೇ. 1860ರಲ್ಲಿ ಸುರಪುರ ನಿಜಾಮನ ಪಾಲಾಯಿತು, ಸಂಸ್ಥಾನ ಮುಗಿಯಿತು. ಕೆಳಗಿನ ಬಟ್ಟಲಿನಂಥ ಊರು ನೋಡುತ್ತಾ ಇದನ್ನು ಕೇಳುವುದಕ್ಕೂ, ಫೋನಿನಲ್ಲಿ ಓದುವುದಕ್ಕೂ ಬಹಳ ವ್ಯತ್ಯಾಸವಿದೆ.

‘ಅವನ ಕೈಗೆ ಕೊಡು’

ಇಳಿಯುವಾಗ ಮಾತು ಬೆಂಗಳೂರಿನ ಕಡೆ ತಿರುಗಿತು. ‘ನನ್ನ ಕಡೆ ಕಲತ ಹುಡುಗರು ಭಾಳ ಮಂದಿ ನಿಮ್ಮೂರಾಗೇ ಅದಾರ. ಕೆಲವರು ಆಫೀಸ್‌ನ್ಯಾಗ, ಉಳದವರು ಸಿಮೆಂಟ್ ಹೊರಕೋತ. ನಿಮ್ಮ ಬಿಲ್ಡಿಂಗ್ ಕಟ್ಟಿದವರು ಯಾರಂತ ಕೇಳೀಯೇನು ಎಂದರ?’

ಕೇಳಿರಲಿಲ್ಲ. ಅವರು ಬೈಯುವ ದನಿಯಲ್ಲೇನೂ ಹೇಳಲಿಲ್ಲ, ಆದರೂ ಉತ್ತರ ಕೊಡಲು ನನಗೆ ಏನೂ ಹೊಳೆಯಲಿಲ್ಲ.

ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಉಂಡ ಮೇಲೆ ಮತ್ತೆ ದುಡ್ಡಿನ ಮಾತು ತೆಗೆದೆ. ಬೆಂಗಳೂರಿನಲ್ಲಿ ಅರ್ಧ ದಿನದ ಹೆರಿಟೇಜ್ ವಾಕ್‌ಗೆ ನಾನು ಕೊಟ್ಟಿದ್ದಷ್ಟೇ ಹಣ ಲಕೋಟೆಯಲ್ಲಿ ಹಾಕಿ ಇಟ್ಟುಕೊಂಡಿದ್ದೆ. ‘ಮನಿಗೆ ಬಂದ ಮಗಳ ಕಡೆ ರೊಕ್ಕ ತೊಗೋತಾರೇನು?’ ಅಂತ ಮಾಸ್ತರರ ಮನೆಯವರೇ ಮೊದಲು ತಡೆದರು. ಮಾಸ್ತರರು ಲಕೋಟೆ ನೋಡಿ, ಬಾಗಿಲ ಹತ್ತಿರ ನಿಂತ ಹುಡುಗನನ್ನು ತೋರಿಸಿದರು.

‘ಅವನ ಕೈಗೆ ಕೊಡು. ನನಗ ಪೆನ್ಶನ್ ಅದ. ಊರು ತೋರಿಸಿದ್ರೂ ನಾಕು ರೊಕ್ಕ ಬರ್ತಾವ ಅಂತ ಗೊತ್ತಾದ್ರ ಇವ ಇನ್ನೊಂದು ಕಥಿ ಕಲೀತಾನ. ಇಲ್ಲಂದ್ರ ಪರೀಕ್ಷಾ ಮುಗದ ಮರುದಿನ ಬೆಂಗಳೂರು ಬಸ್ ಹತ್ತತಾನ. ಆಮ್ಯಾಲ ನಿನ್ನಂಥಾಕಿ ಬಂದ್ರ ತೋರಿಸಾವ್ರು ಯಾರು?’

ಬೆಳಗ್ಗೆ ಗುಡಿಯಲ್ಲಿ ಅವನಿಗೆ ಮಾತಾಡಲು ಬಿಟ್ಟದ್ದು ಇದಕ್ಕೆ. ಹುಡುಗ ನಾಚಿಕೊಂಡು ಲಕೋಟೆ ತೆಗೆದುಕೊಂಡ. ‘ಬಾಳ ಆತ್ರಿ’ ಅಂದ. ಬಾಳ ಆಗಿರಲಿಲ್ಲ.

ಇಂಥ ಊರುಗಳಲ್ಲಿ ಟಿಕೆಟ್ ಕೌಂಟರ್ ಇಲ್ಲ, ಎಲ್ಲಾ ‘ಪ್ರೀತಿಗೆ’ ನಡೆಯುತ್ತದೆ. ನಾವು ಅದನ್ನೇ ಹೊಗಳಿ, ಒಂದು ಸೆಲ್ಫಿ ತೆಗೆದುಕೊಂಡು ಬರುತ್ತೇವೆ. ಪ್ರೀತಿ ಇರಲಿ. ಒಬ್ಬರ ಐದು ತಾಸು, ಮೂವತ್ತು ವರ್ಷದ ಓದು ಪುಕ್ಕಟೆ ಅಂತ ಅಂದುಕೊಂಡರೆ, ಆ ಓದು ಅವರ ಜೊತೆಗೇ ಮುಗಿಯುತ್ತದೆ.

ಬಸ್ ಹತ್ತಿಸಲು ಬಂದ ಮಾಸ್ತರರು ಯಾವ ಕಿಟಕಿ ಪಕ್ಕ ಕೂರಬೇಕು ಅಂತಲೂ ಹೇಳಿದರು. ಶಹಾಪುರದ ಹತ್ತಿರ ಅರ್ಥವಾಯಿತು. ಗುಡ್ಡಗಳ ಸಾಲು ಒಂದಕ್ಕೊಂದು ಸೇರಿ, ಹಣೆ, ಮೂಗು, ಎದೆ, ಕಾಲು ಚಾಚಿ ಮಲಗಿದ ಮನುಷ್ಯನಂತೆ ಕಂಡಿತು. ಜನ ಅದನ್ನು ಮಲಗಿದ ಬುದ್ಧ ಅನ್ನುತ್ತಾರೆ. ಬೆಳಗ್ಗೆ ಇದೇ ದಾರಿಯಲ್ಲಿ ಫೋನ್ ನೋಡುತ್ತಾ ಬಂದಿದ್ದೆ.

ನೀವು ಹೋಗುವುದಾದರೆ

- ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಬೆಳಗ್ಗೆ ಬೇಗ ಶುರು ಮಾಡಿ, ಟೋಪಿ, ನೀರು ಮರೆಯಬೇಡಿ.
- ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಯಾದಗಿರಿ. ಅಲ್ಲಿಂದ ಶಹಾಪುರದ ಮೇಲೆ ಸುರಪುರಕ್ಕೆ ಬಸ್.
- ಗೈಡ್ ಬೇಕಾದರೆ ಊರಿನ ಕಾಲೇಜಿನ ಇತಿಹಾಸ ವಿಭಾಗ, ಗ್ರಂಥಾಲಯ, ನಿವೃತ್ತ ಶಿಕ್ಷಕರನ್ನು ವಿಚಾರಿಸಿ. ಆ ಕಡೆಯ ಸಹೋದ್ಯೋಗಿ, ಪರಿಚಯದವರ ಮೂಲಕ ಹೋದರೆ ಒಂಟಿ ಹೆಣ್ಣುಮಕ್ಕಳಿಗೂ ಧೈರ್ಯ.
- ಎಷ್ಟು ತಾಸು, ಎಷ್ಟು ಹಣ ಎಂದು ಮೊದಲೇ ಮಾತಾಡಿ. ‘ಬ್ಯಾಡ್ರಿ’ ಅಂದರೂ ಕೊಟ್ಟು ಬನ್ನಿ.
- ಅರಮನೆ, ಬಂಗಲೆಗಳ ಒಳಗೆ ಹೋಗಲು ಮುಂಚೆಯೇ ಕೇಳಿಕೊಳ್ಳಿ. ಜನ ವಾಸ ಇರುವ ಮನೆಗಳ ಫೋಟೋ ಕೇಳದೆ ತೆಗೆಯಬೇಡಿ.
- ಇನ್ನೊಂದು ದಿನ ಇದ್ದರೆ ಬೋನಾಳ ಕೆರೆಯ ಪಕ್ಷಿಧಾಮ, ಕೃಷ್ಣಾ ತೀರದ ತಿಂಥಣಿ ಮೌನೇಶ್ವರ, ಶಹಾಪುರದ ಬಳಿ ವಿಭೂತಿಹಳ್ಳಿಯ ಬೃಹತ್ ಶಿಲಾಯುಗದ ಕಲ್ಲುಸಾಲು ನೋಡಿ ಬನ್ನಿ.

ಮತ್ತೆ ಗೇಟಿನಲ್ಲಿ

ಸೋಮವಾರ ರಾತ್ರಿ ಸೆಕ್ಯುರಿಟಿ ಅಣ್ಣನಿಗೆ ಮಾಸ್ತರರ ಮನೆಯವರು ಕಳಿಸಿದ್ದ ಶೇಂಗಾ ಹಿಂಡಿಯ ಡಬ್ಬಿ ಕೊಟ್ಟೆ. ಮುಚ್ಚಳ ತೆಗೆದು ವಾಸನೆ ನೋಡಿದರು.

‘ಟೇಲರ್ ಮಂಜಿಲ್ ನೋಡಿದ್ರೇನ್ರಿ ಅಕ್ಕಾರ?’

‘ನೋಡಿದೆ ಅಣ್ಣ. ನೀವು?’

‘ಕೆಳಗಿಂದ ನೋಡೀನ್ರಿ. ಮ್ಯಾಲ ಹೋಗಿಲ್ಲ. ಹದಿನಾರಕ್ಕೇ ಇಲ್ಲಿಗೆ ಬಂದೆ ನೋಡ್ರಿ.’

ಫೋನ್ ತೆಗೆದು ಫೋಟೋ ತೋರಿಸಿದೆ. ಮೇಲಿನಿಂದ ತೆಗೆದದ್ದು, ಬಟ್ಟಲಿನೊಳಗಿನ ಊರು. ಬೆರಳಿನಿಂದ ದೊಡ್ಡದು ಮಾಡಿ ಮಾಡಿ ಹುಡುಕಿದರು.

‘ಇಲ್ಲಿ ನೋಡ್ರಿ, ಈ ಗಲ್ಲಿ. ಇದರ ಹಿಂದ ನಮ್ಮನಿ.’

ಅಂದು ಗೇಟಿನಲ್ಲಿ ನಿಂತು ಇನ್ನೂ ಅರ್ಧ ತಾಸು ಮಾತಾಡಿದೆವು.