ಮಧುಮೇಹವೂ ಮರೆವೂ

ಆನಗೋಡಿನ ಕಟ್ಟೆಯ ಮೇಲೆ ಕುಳಿತು ಹಳೆಯ ಬರಗಾಲಗಳ ಕಥೆಯನ್ನು ವರ್ಷಸಹಿತ ಹೇಳಬಲ್ಲ ಅಜ್ಜನೊಬ್ಬರು ಬೆಳಗ್ಗೆ ಉಂಡುದನ್ನು ಮಧ್ಯಾಹ್ನಕ್ಕೆ ಮರೆಯುತ್ತಾರೆನ್ನೋಣ. ‘ವಯಸ್ಸಾಯಿತು’ ಎಂದು ಮನೆಯವರು ಸುಮ್ಮನಾಗುವರು. ಅವರಿಗೆ ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದರೂ ಅದನ್ನು ಈ ಮರೆವಿನೊಡನೆ ಜೋಡಿಸಿ ನೋಡುವವರು ವಿರಳ. ಜೋಡಿಸಬೇಕೆ?

1921ರಲ್ಲಿ ಟೊರಾಂಟೊ ನಗರದಲ್ಲಿ ಇನ್ಸುಲಿನ್ ದೊರೆತ ಮೇಲೆ, ಮಧುಮೇಹವೆಂದರೆ ಆ ರಸದ ಅಭಾವವೆಂದೇ ಬಹುಮಂದಿ ಭಾವಿಸಿದ್ದರು. ಈ ಭಾವನೆಯನ್ನು ಅಲುಗಿಸಿದವರಲ್ಲಿ ಭೌತವಿಜ್ಞಾನಿಯೊಬ್ಬರಿದ್ದರೆಂಬುದು ಭೌತವಿಜ್ಞಾನವನ್ನು ಬೋಧಿಸುವ ನನಗೆ ಹೆಮ್ಮೆಯ ವಿಷಯ. ರೋಸಲಿನ್ ಯಾಲೋ ಪರಮಾಣು ಭೌತವಿಜ್ಞಾನವನ್ನು ಕಲಿತವರು. ಅವರು ವೈದ್ಯರಾದ ಸಾಲೊಮನ್ ಬರ್ಸನ್ನರೊಡನೆ ಸೇರಿ, ಇನ್ಸುಲಿನ್ನಿಗೆ ವಿಕಿರಣಶೀಲ ಅಯೊಡೀನನ್ನು ಗುರುತಾಗಿ ಅಂಟಿಸಿ, ರಕ್ತದಲ್ಲಿರುವ ಅದರ ಅತ್ಯಲ್ಪ ಪ್ರಮಾಣವನ್ನೂ ಅಳೆಯುವ ವಿಧಾನವೊಂದನ್ನು 1960ರ ಸುಮಾರಿಗೆ ಸಿದ್ಧಪಡಿಸಿದರು. ಅಳೆದು ನೋಡಿದರೆ, ನಡುವಯಸ್ಸಿನಲ್ಲಿ ಮಧುಮೇಹ ಬಂದವರ ರಕ್ತದಲ್ಲಿ ಇನ್ಸುಲಿನ್ ಇದ್ದೇ ಇತ್ತು. ಎಷ್ಟೋ ಮಂದಿಯಲ್ಲಿ ಆರೋಗ್ಯವಂತರಿಗಿಂತ ಹೆಚ್ಚಾಗಿಯೇ ಇತ್ತು! ಕೂಗುವವನ ದನಿ ಕುಗ್ಗಿರಲಿಲ್ಲ. ಕೇಳಬೇಕಾದ ಜೀವಕೋಶಗಳು ಕಿವುಡಾಗಿದ್ದುವು. ಇದೇ ಇನ್ಸುಲಿನ್ ಪ್ರತಿರೋಧ. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಹುಮಾನ ಬಂದಿತು. ಬರ್ಸನ್ನರು ಅಷ್ಟರಲ್ಲಿ ತೀರಿಹೋಗಿದ್ದರು.

ಇಂತಹ ಕಿವುಡು ಮಿದುಳಿಗೂ ತಗಲಬಹುದು. ಹೊಸ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗದ ನರಕೋಶಗಳಲ್ಲಿಯೂ ಇನ್ಸುಲಿನ್ನಿನ ಗ್ರಾಹಕಗಳಿವೆ. ಅಲ್ಲಿಯೇ ಕೆಲಸಮಾಡುವ ಇನ್ನೊಂದು ಪ್ರೋಟೀನು ಬಿ.ಡಿ.ಎನ್.ಎಫ್. ಇದನ್ನು 1982ರಲ್ಲಿ ಬಾರ್ಡ್ ಮತ್ತು ಥೋನೆನ್ ಎಂಬವರು ಹಂದಿಯ ಮಿದುಳಿನಿಂದ ಬೇರ್ಪಡಿಸಿದರು. ಪೈರಿಗೆ ಗೊಬ್ಬರವಿದ್ದಂತೆ, ಅದು ನರಕೋಶಗಳನ್ನು ಪೋಷಿಸಿ ಅವುಗಳ ನಡುವಣ ಸಂಧಿಗಳನ್ನು ಬಲಪಡಿಸುತ್ತದೆ. ಕೊಬ್ಬೂ ಸಕ್ಕರೆಯೂ ಹೆಚ್ಚಾದ ಆಹಾರವನ್ನು ತಿಂದ ಇಲಿಗಳಲ್ಲಿ ಈ ಪ್ರೋಟೀನು ಇಳಿದು, ದಾರಿ ಕಲಿಯುವ ಶಕ್ತಿಯೂ ಕುಂದಿದುದು 2002ರ ಪ್ರಯೋಗದಲ್ಲಿ ಕಂಡುಬಂದಿತು.

ಮನುಷ್ಯರಲ್ಲಿಯೂ ಮಧುಮೇಹಿಗಳು ಮರೆವಿನ ರೋಗಕ್ಕೆ ತುತ್ತಾಗುವ ಸಂಭವ ಇತರರಿಗಿಂತ ಹೆಚ್ಚು. ಆಲ್ಜೈಮರ್ ರೋಗವನ್ನು ‘ಮೂರನೆಯ ಬಗೆಯ ಮಧುಮೇಹ’ವೆಂದೇ ಕರೆದವರುಂಟು. ಅದು ಅವಸರದ ನಾಮಕರಣವೆಂದು ನನಗೆ ತೋರುತ್ತದೆ. ಎರಡು ಸಂಗತಿಗಳು ಜೊತೆಗೂಡಿ ಬಂದ ಮಾತ್ರಕ್ಕೆ ಒಂದು ಕಾರಣ, ಇನ್ನೊಂದು ಕಾರ್ಯವಾಗದು. ರಕ್ತನಾಳಗಳ ಕೇಡೂ ಇಲ್ಲಿ ಪಾಲುಗೊಂಡಿದೆ.

ಆಶಾದಾಯಕವಾದ ಒಂದು ಸಂಗತಿಯುಂಟು. 2011ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 120 ಮಂದಿ ವೃದ್ಧರು ಭಾಗವಹಿಸಿದ್ದರು. ಒಂದು ವರ್ಷ ಕ್ರಮವಾಗಿ ನಡೆದಾಡಿದವರ ಹಿಪೊಕ್ಯಾಂಪಸ್ ಸುಮಾರು ಶೇಕಡ 2ರಷ್ಟು ಬೆಳೆಯಿತು. ಕೇವಲ ಮೈ ಸಡಿಲಿಸುವ ವ್ಯಾಯಾಮ ಮಾಡಿದವರದು ಕುಗ್ಗಿತು. ಹೆಚ್ಚು ಬೆಳೆದವರ ರಕ್ತದಲ್ಲಿ ಬಿ.ಡಿ.ಎನ್.ಎಫ್. ಸಹ ಹೆಚ್ಚಿತ್ತು. ನಡಿಗೆಯು ಸ್ನಾಯುಗಳ ಇನ್ಸುಲಿನ್ ಪ್ರತಿರೋಧವನ್ನು ಕಡಮೆ ಮಾಡುವುದೂ ತಿಳಿದ ವಿಷಯವೇ.

ನಮ್ಮ ಹಳ್ಳಿಗರಲ್ಲಿ ಇವೆಲ್ಲ ಹೇಗೆ ಹೆಣೆದುಕೊಂಡಿವೆ? ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, 45 ವರ್ಷ ದಾಟಿದ 10,000 ಮಂದಿಯ ರಕ್ತ, ಸ್ಮರಣಶಕ್ತಿ, ಮಿದುಳಿನ ಚಿತ್ರ ಇವುಗಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸುವ ಕಾರ್ಯವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು ಕೈಗೊಂಡಿದೆ. ಇಂದು ನೆನಪು ಚೆನ್ನಾಗಿರುವವರನ್ನೇ ಅದಕ್ಕೆ ಆರಿಸಿಕೊಂಡಿದ್ದಾರೆ; ಮರೆವು ಯಾರಲ್ಲಿ, ಯಾವಾಗ, ಯಾವುದರ ಬೆನ್ನು ಹಿಡಿದು ಬರುವುದೆಂಬುದನ್ನು ಆಗ ಮೊದಲಿನಿಂದಲೇ ನೋಡಬಹುದು.